ಗಾಡಿ ಒರೆಸುವವರು ಯಾರು?

೧೯೬೧ನೇ ಇಸವಿಯಲ್ಲಿ ನಾನು ಉಡುಪಿಯಲ್ಲಿ, ಮಣಿಪಾಲದ ಕಡೆಗೆ ಏರುವ ರಸ್ತೆಯ ಬದಿಯಲ್ಲಿ, ಒಂದು ಮೋಟಾರ್ ಸೈಕಲ್ ಗ್ಯಾರೇಜ್ ನಡೆಸುತ್ತಿದ್ದೆ. ಬೊಂಬಾಯಿಯ ವರ್ಕ್‌ಶಾಪೊಂದರಲ್ಲಿ ಕೆಲಸ ಕಲಿತು, ಅಲ್ಲಿಯ ಗಲಾಟೆ ಸಾಕಾಗಿ ಊರಿಗೆ ಬಂದವನು. ಹೆಸರು ಸದಾಶಿವ ಆಚಾರ್ಯ. ಎದುರಿಗೆ ಸಿಕ್ಕಿದಾಗ ಜನ "ಆಚಾರ್ರೇ" ಎನ್ನುತ್ತಿದ್ದರು. ಬೆನ್ನ ಹಿಂದೆ "ಬಯ್ಯುವ ಆಚಾರ್ರು" ಎನ್ನುತ್ತಿದ್ದರು. ಎರಡೂ ನನ್ನ ಕಿವಿಗೆ ಬೀಳುತ್ತಿದ್ದವು, ಎರಡಕ್ಕೂ ನನ್ನ ಆಕ್ಷೇಪ ಇರಲಿಲ್ಲ.

ಬಯ್ಯದೆ ಏನು ಮಾಡಬೇಕಿತ್ತು? ಆಗ ನಮ್ಮ ಕಡೆ ಮೋಟಾರ್ ಸೈಕಲ್ ಇದ್ದವರು ಬೆರಳೆಣಿಕೆಯ ಜನ. ಇಂಗ್ಲಿಷ್ ಗಾಡಿಗಳು, ಹೆಚ್ಚಿನವು ೩೫೦ ಸಿಸಿಯವು, ಸರಿಯಾಗಿ ನೋಡಿಕೊಂಡರೆ ಮೊಮ್ಮಕ್ಕಳ ಕಾಲದವರೆಗೂ ಓಡುವಂಥವು. ಅವುಗಳನ್ನು ಇವರು ನೋಡಿಕೊಳ್ಳುತ್ತಿದ್ದ ರೀತಿ ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಚೈನ್ ಮುಕ್ಕಾಲು ಇಂಚಿನಷ್ಟು ಸಡಿಲ ಇರಬೇಕು ಎಂದರೆ ಒಬ್ಬ ವೀಣೆಯ ತಂತಿಯಂತೆ ಬಿಗಿದು ತರುತ್ತಿದ್ದ, ಇನ್ನೊಬ್ಬ ಬಟ್ಟೆ ಒಣಗಿಸುವ ಹಗ್ಗದಂತೆ ಜೋತುಬಿಟ್ಟು ತರುತ್ತಿದ್ದ. ಹಿಂದೆ ಹೆಂಡತಿ, ಮಗು, ಟ್ರಂಕು ಎಲ್ಲ ಹೇರಿಕೊಂಡು ಆಗುಂಬೆ ಘಾಟಿ ಹತ್ತುವವನು ಹಿಂದಿನ ಟಯರಿಗೆ ಮುಂದಿನದ್ದಕ್ಕಿಂತ ಹೆಚ್ಚು ಗಾಳಿ ಬೇಕು ಎಂಬ ಸಾಮಾನ್ಯ ಸಂಗತಿ ಕೇಳಿ ಆಶ್ಚರ್ಯಪಡುತ್ತಿದ್ದ. ದೂರ ಹೋಗುವವರು ಒಂದು ಪ್ಲಗ್ಗು, ಒಂದು ಕ್ಲಚ್ ಕೇಬಲ್, ಚೈನಿನ ಒಂದು ಲಿಂಕು ಜೊತೆಗಿಟ್ಟುಕೊಳ್ಳಿ ಎಂದು ಬಾಯಿ ಒಣಗುವಷ್ಟು ಹೇಳುತ್ತಿದ್ದೆ. ಅವರು ಅದನ್ನು ಬಿಟ್ಟು ಹ್ಯಾಂಡಲ್ಲಿಗೆ ಪ್ಲಾಸ್ಟಿಕ್ ಜೂಲು ಕಟ್ಟಿಕೊಂಡು ಬರುತ್ತಿದ್ದರು.

ಇವರಲ್ಲೆಲ್ಲ ನನಗೆ ಹೆಚ್ಚು ಸಿಟ್ಟು ಬರಿಸುತ್ತಿದ್ದವನು ಕಾಪುವಿನ ಶ್ರೀಧರ. ಅವನದ್ದು ಕಡಲತಡಿಯ ಮೊಗವೀರರ ಮನೆ. ಅಣ್ಣ ತ್ಯಾಂಪಣ್ಣ ರಂಪಣಿ ಎಂಬ, ದಡದಿಂದ ಎಳೆಯುವ ದೊಡ್ಡ ಬಲೆಯ ದೋಣಿಗೆ ತಂಡೇಲ, ಅಂದರೆ ಚುಕ್ಕಾಣಿ ಹಿಡಿದು ಅಲೆಯ ಮೇಲೆ ದೋಣಿ ದಾಟಿಸುವವನು. ತಮ್ಮ ಶ್ರೀಧರ ಒಣಮೀನಿನ ವ್ಯಾಪಾರಿ. ಮೋಟಾರ್ ಸೈಕಲ್ಲಿನ ಹಿಂದೆ ಎರಡು ಪೆಟ್ಟಿಗೆ ಕಟ್ಟಿಕೊಂಡು ಕಾರ್ಕಳ, ಅಲ್ಲಿಂದ ಘಾಟಿ ಹತ್ತಿ ಕಾಫಿ ತೋಟಗಳವರೆಗೆ ಹೋಗಿ ಮಾದರಿ ತೋರಿಸಿ ಆರ್ಡರ್ ಹಿಡಿದು ಬರುತ್ತಿದ್ದ. ಒಂದು ಸುತ್ತು ಎಂದರೆ ನಾಲ್ಕೈದು ದಿನ. ನಮ್ಮ ಕಡೆ ಅಷ್ಟು ದೂರ ಮೋಟಾರ್ ಸೈಕಲ್ ಓಡಿಸುವವರಲ್ಲಿ ಅವನಂಥ ಇನ್ನೊಬ್ಬನನ್ನು ನಾನು ಕಾಣೆ. ಓಡಿಸುವುದರಲ್ಲಿ ಜೋರು. ಉಳಿದ ಯಾವುದೂ ಅವನ ಕಿವಿಯೊಳಗೆ ಇಳಿಯುತ್ತಿರಲಿಲ್ಲ.

ಒಣಮೀನಿನ ಪೆಟ್ಟಿಗೆಯಿಂದ ಉಪ್ಪುನೀರು ಸೋರಿ ಚೈನಿನ ಮೇಲೆ ಬೀಳುತ್ತಿತ್ತು. ಪೆಟ್ಟಿಗೆಯ ಅಡಿಗೆ ತಗಡಿನ ತಟ್ಟೆ ಕೂರಿಸಿಕೊಟ್ಟೆ. ಬಲಗಡೆ ಭಾರ, ಎಡಗಡೆ ಖಾಲಿ ಮಾಡಿಕೊಂಡು ಬರುತ್ತಿದ್ದ. ಎರಡೂ ಕಡೆ ಸಮ ಇರದಿದ್ದರೆ ತಿರುವಿನಲ್ಲಿ ಗಾಡಿ ಎಳೆಯುತ್ತದೆ ಎಂದು ಬಯ್ದೆ. ಮುಂದೆ ಕಬ್ಬಿಣದ ಲೆಗ್ ಗಾರ್ಡ್ ಹಾಕಿಸಿಕೊಳ್ಳುವುದಕ್ಕೆ ಅವನನ್ನು ಒಪ್ಪಿಸಲು ಒಂದು ವರ್ಷ ಬೇಕಾಯಿತು. "ಗಾಡಿಯ ಅಂದ ಹಾಳಾಗ್ತದೆ ಆಚಾರ್ರೆ" ಎಂಬುದು ಅವನ ತಕರಾರು. ಅಂದದ ಪ್ರಾಣಿ ಅವನು. ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ. ಗಾಡಿಯೂ ಹಾಗೆಯೇ ಫಳಫಳ ಹೊಳೆಯುತ್ತಿತ್ತು. ಆದರೆ ಅವನ ಅಂಗಿಯ ತೋಳಿನಲ್ಲಿ ಗ್ರೀಸಿನ ಒಂದು ಚುಕ್ಕೆಯನ್ನೂ ನಾನು ಯಾವತ್ತೂ ಕಂಡವನಲ್ಲ. ಅದು ನನ್ನ ಕಣ್ಣಿಗೆ ಬಿದ್ದಿತ್ತು. ಅದರ ಬಗ್ಗೆ ಯೋಚಿಸುವುದು ನನ್ನ ಕೆಲಸವಲ್ಲ ಎಂದುಕೊಂಡಿದ್ದೆ.

ಆ ವರ್ಷ ಮೇ ತಿಂಗಳಲ್ಲಿ, ಮಳೆಗೆ ಮೊದಲು, ಅವನು ಗಾಡಿ ತಂದ. ಮಳೆಗಾಲದಲ್ಲಿ ಕಡಲಿಗೆ ದೋಣಿ ಇಳಿಯುವುದಿಲ್ಲ, ಹಾಗಾಗಿ ಅವನ ವ್ಯಾಪಾರವೂ ಇಲ್ಲ. ಗಾಡಿ ಸೆಪ್ಟೆಂಬರಿನವರೆಗೆ ಕೊಟ್ಟಿಗೆಯಲ್ಲಿ ನಿಲ್ಲುತ್ತದೆ. ನಾನು ಎಕ್ಸಲರೇಟರ್ ಕೇಬಲ್ ಬದಲಾಯಿಸಿ ಹೊಸದು ಹಾಕಿದೆ. ಓದುವವರಿಗೆ ಗೊತ್ತಿರಲಿ ಎಂದು ಹೇಳುತ್ತೇನೆ: ಬಲಗೈ ಹಿಡಿಕೆ ತಿರುಗಿಸಿದಾಗ ಕೊಳವೆಯೊಳಗಿನ ತಂತಿ ಕಾರ್ಬ್ಯುರೇಟರಿನ ಬಾಗಿಲನ್ನು ಮೇಲಕ್ಕೆ ಎಳೆಯುತ್ತದೆ, ಇಂಜಿನಿಗೆ ಪೆಟ್ರೋಲ್ ಹೆಚ್ಚು ಹೋಗುತ್ತದೆ. ಹಿಡಿಕೆ ಬಿಟ್ಟಾಗ ಒಂದು ಸ್ಪ್ರಿಂಗ್ ಆ ಬಾಗಿಲನ್ನು ಕೆಳಕ್ಕೆ ತಳ್ಳುತ್ತದೆ. ತಂತಿ ಕೊಳವೆಯೊಳಗೆ ಜಾರಿದರೆ ಮಾತ್ರ ಸ್ಪ್ರಿಂಗಿನ ಆಟ ನಡೆಯುತ್ತದೆ. ಜಾರದೆ ಹೋದರೆ ಗಾಡಿ ನಿಮ್ಮ ಮಾತು ಕೇಳುವುದಿಲ್ಲ.

ಒಂದು ಸಣ್ಣ ಡಬ್ಬಿಯಲ್ಲಿ ತೆಳು ಎಣ್ಣೆ ಕೊಟ್ಟು ಹೇಳಿದೆ: "ತಿಂಗಳಿಗೊಮ್ಮೆ ಕೇಬಲ್ಲಿಗೆ ನಾಲ್ಕು ಹನಿ. ವಾರಕ್ಕೊಮ್ಮೆ ಹಿಡಿಕೆ ತಿರುಗಿಸಿ ನೋಡು. ಮರೆತರೆ ಗಾಡಿ ಇಲ್ಲಿಗೆ ತರಬೇಡ." ಅವನು ಗಾಡಿಯ ಕನ್ನಡಿಯಲ್ಲಿ ತಲೆ ಬಾಚಿಕೊಳ್ಳುತ್ತಾ "ಆಯ್ತು ಆಚಾರ್ರೆ" ಎಂದ.

ಮಳೆ ನಿಂತು ಕಡಲಪೂಜೆ ಮುಗಿದ ಮೇಲೆ ಗಾಡಿ ಹೊರಬಿತ್ತು. ಹೊಸ ದೋಣಿಗೆ ಮರ ನೋಡಲಿಕ್ಕೆಂದು ಅಣ್ಣತಮ್ಮ ಇಬ್ಬರೂ ಕಾರ್ಕಳಕ್ಕೆ ಹೊರಟರು. ಶ್ರೀಧರ ಮುಂದೆ, ತ್ಯಾಂಪಣ್ಣ ಹಿಂದೆ. ಉಡುಪಿಯವರೆಗೆ ಸಮತಟ್ಟು ದಾರಿ, ಹಿಡಿಕೆ ಬಿಗಿಯಾಗಿದ್ದುದನ್ನು ಶ್ರೀಧರ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮಣಿಪಾಲದ ಏರಿನಲ್ಲಿ ಅದನ್ನು ಪೂರ್ತಿ ತಿರುಗಿಸಿದ. ಏರು ಮುಗಿದು ಪರ್ಕಳದ ಕಡೆ ಇಳಿಜಾರು ಶುರುವಾದಾಗ ಹಿಡಿಕೆ ಬಿಟ್ಟ. ಹಿಡಿಕೆ ಹಿಂದೆ ಬರಲಿಲ್ಲ. ಇಂಜಿನ್ ಪೂರ್ತಿ ಜೋರಿನಲ್ಲಿ, ರಸ್ತೆ ಇಳಿಜಾರಿನಲ್ಲಿ. ಇಂಥ ಹೊತ್ತಿನಲ್ಲಿ ಮಾಡಬೇಕಾದದ್ದು ಒಂದೇ: ಕ್ಲಚ್ ಹಿಡಿದು ಬಿಡದೆ, ಇಂಜಿನ್ ಎಷ್ಟು ಕಿರುಚಿದರೂ ಕಿರುಚಲಿ ಎಂದು, ಬ್ರೇಕ್ ಒತ್ತಿ ನಿಲ್ಲಿಸುವುದು. ಅವನು ಕ್ಲಚ್ ಹಿಡಿದ. ಇಂಜಿನ್ನಿನ ಕಿರುಚಾಟಕ್ಕೆ ಹೆದರಿ ಬಿಟ್ಟುಬಿಟ್ಟ. ಗಾಡಿ ಹಾರಿ, ರಸ್ತೆ ಬದಿಯ ಕೆಂಪು ಮುರಕಲ್ಲಿನ ಗೋಡೆಗೆ ಉಜ್ಜಿಕೊಂಡು ಹೋಗಿ ಬಿತ್ತು.

ಶ್ರೀಧರನ ಕಾಲನ್ನು ಲೆಗ್ ಗಾರ್ಡ್ ಉಳಿಸಿತು. ಹಿಂದೆ ಕೂತವನಿಗೆ ಯಾವ ಗಾರ್ಡೂ ಇರಲಿಲ್ಲ. ತ್ಯಾಂಪಣ್ಣನ ಬಲ ಮೊಣಕಾಲು ಕಲ್ಲಿಗೂ ಗಾಡಿಗೂ ನಡುವೆ ಸಿಕ್ಕಿ ಪುಡಿಯಾಯಿತು.

ಮೂರನೆಯ ದಿನ ನನ್ನ ಗ್ಯಾರೇಜಿನ ಎದುರು ಒಂದು ಲಾರಿ ನಿಂತಿತು. ಶ್ರೀಧರ, ಅವನ ಜೊತೆಗೆ ದೋಣಿಯಲ್ಲಿ ದುಡಿಯುವ ಏಳೆಂಟು ಜನ. ಅವರು ಮುರಿದ ಗಾಡಿಯನ್ನು ಲಾರಿಯಿಂದ ಎತ್ತಿ ಇಳಿಸಲಿಲ್ಲ, ತಳ್ಳಿದರು. ಅದು ನನ್ನ ಬಾಗಿಲಿನ ಮುಂದೆ ಬಿತ್ತು. (ಅಂದಿನ ಮಾತೆಲ್ಲ ತುಳುವಿನಲ್ಲಿ ನಡೆದದ್ದು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಕೆಲವು ಮಾತುಗಳನ್ನು ಬಿಟ್ಟು.)

"ಕೇಬಲ್ ಹಾಕಿದ್ದು ನೀವು," ಎಂದ ಶ್ರೀಧರ. "ಮೇ ತಿಂಗಳಲ್ಲಿ ಹಾಕಿದ ಹೊಸ ಕೇಬಲ್ ಸೆಪ್ಟೆಂಬರಿನಲ್ಲಿ ಹಿಡ್ಕೊಳ್ತದೆ ಅಂದ್ರೆ ಎಂತ ಅರ್ಥ?"

"ಬಿಚ್ಚಿ ನೋಡಿದ ಮೇಲೆ ಅರ್ಥ ಹೇಳ್ತೇನೆ. ಈಗ ಎಲ್ಲರೂ ನನ್ನ ಬಾಗಿಲಿಂದ ಆಚೆ ನಿಲ್ಲಿ."

"ಅಣ್ಣನ ಮೊಣಕಾಲು ಇನ್ನು ಮಡಚಲಿಕ್ಕಿಲ್ಲವಂತೆ. ಮಡಚದ ಕಾಲಲ್ಲಿ ದೋಣಿಯಲ್ಲಿ ನಿಲ್ಲುವುದು ಹೇಗೆ, ಹೇಳಿ ನೋಡುವ?"

ಉತ್ತರ ಇಲ್ಲದಾಗ ನನ್ನ ದನಿ ಇನ್ನೂ ಏರುತ್ತದೆ; ಹುಟ್ಟುಗುಣ. "ನಾನು ಕೊಟ್ಟ ಎಣ್ಣೆ ಹಾಕಿದ್ಯಾ ಇಲ್ವಾ? ಮೊದಲು ಅದನ್ನು ಹೇಳು" ಎಂದು ಕೂಗಿದೆ. ಅವನು ಒಂದು ಕ್ಷಣ ನೆಲ ನೋಡಿದ. ಆಮೇಲೆ ಅವರಲ್ಲೊಬ್ಬ ನನ್ನ ಹೊಸ್ತಿಲಿಗೆ ಉಗಿದು ಹೇಳಿದ: "ಕಾಪುವಿನಿಂದ ಹೆಜಮಾಡಿವರೆಗೆ ಇನ್ನು ಒಂದು ಗಾಡಿ ನಿಮ್ಮ ಹತ್ರ ಬಂದ್ರೆ ಕೇಳಿ."

ಬೆದರಿಕೆ ಬರೀ ಬಾಯಿಮಾತಾಗಿರಲಿಲ್ಲ. ಆ ವಾರದೊಳಗೆ ರಿಪೇರಿಗೆ ಬಿಟ್ಟಿದ್ದ ಗಾಡಿಗಳನ್ನು ಅರ್ಧಂಬರ್ಧ ಕೆಲಸದಲ್ಲೇ ಜನ ತಳ್ಳಿಕೊಂಡು ಹೋದರು. ಕಲ್ಯಾಣಪುರದಿಂದ ವರ್ಷಗಟ್ಟಲೆ ಬರುತ್ತಿದ್ದ ಗಿರಾಕಿಯೊಬ್ಬರು ರಸ್ತೆಯ ಆಚೆ ಬದಿಯಲ್ಲಿ ತಲೆ ತಗ್ಗಿಸಿಕೊಂಡು ಹಾದುಹೋದರು. ಎಲ್ಲೂರಿನಿಂದ ಬಂದ ಒಬ್ಬ ಮಾತ್ರ ಒಳಗೆ ಬಂದ, ಅದೂ ಕೇಳಲಿಕ್ಕೆ: "ನೀವು ಹಳೇ ಕೇಬಲ್ ತೊಳೆದು ಹೊಸದು ಅಂತ ಹಾಕಿದ್ದಂತೆ, ಹೌದಾ?" ಅವನನ್ನು ಸ್ಪ್ಯಾನರ್ ಹಿಡಿದುಕೊಂಡೇ ಹೊರಗೆ ಕಳಿಸಿದೆ. ಗ್ಯಾರೇಜ್ ಮುಚ್ಚಿದರೆ ನನಗೆ ಮತ್ತೆ ಬೊಂಬಾಯಿಯೇ ಗತಿ. ಕಳ್ಳ ಮೆಕ್ಯಾನಿಕ್ ಎನಿಸಿಕೊಂಡು ಊರು ಬಿಟ್ಟು ಹೋಗುವುದು ನನ್ನಿಂದ ಆಗದ ಮಾತು. ನನಗೆ ಭಯವಾಗಿತ್ತು. ಭಯಕ್ಕಿಂತ ಹೆಚ್ಚು ಸಿಟ್ಟಾಗಿತ್ತು.

ಗಾಡಿ ನನ್ನ ಬಾಗಿಲಲ್ಲೇ ಇತ್ತಲ್ಲ. ಅವರೇ ತಂದು ಬಿಸಾಡಿದ್ದು. ಕೇಬಲ್ ಬಿಚ್ಚಿದೆ. ಕೊಳವೆ ನೆಟ್ಟಗಿತ್ತು, ತಂತಿಯ ಒಂದು ಎಳೆಯೂ ತುಂಡಾಗಿರಲಿಲ್ಲ. ಆದರೆ ಎಳೆದರೆ ತಂತಿ ಬರಲಿಲ್ಲ. ಇಕ್ಕಳದಲ್ಲಿ ಹಿಡಿದು ಬಲವಾಗಿ ಎಳೆದಾಗ ಕಪ್ಪಗೆ, ಅಂಟಂಟಾದ, ಅಲ್ಲಲ್ಲಿ ಮೇಣದಂತೆ ಗಟ್ಟಿಯಾದ ಏನನ್ನೋ ಮೆತ್ತಿಕೊಂಡು ಹೊರಬಂತು. ಬೆರಳಲ್ಲಿ ಉಜ್ಜಿ ನೋಡಿದೆ, ಮೂಸಿ ನೋಡಿದೆ. ಮಣ್ಣಲ್ಲ, ಗ್ರೀಸಲ್ಲ. ಪೆಟ್ರೋಲಿನಲ್ಲಿ ತೊಳೆದರೂ ಸುಲಭದಲ್ಲಿ ಬಿಡಲಿಲ್ಲ. ಗಾಡಿಯ ಉಳಿದ ಭಾಗವನ್ನೂ ನೋಡಿದೆ. ಬ್ರೇಕಿನ ಕೀಲು, ಸ್ಟ್ಯಾಂಡಿನ ಕೀಲು, ಸೀಟಿನ ಅಡಿಯ ಕಬ್ಬಿಣ, ಎಲ್ಲ ಕಡೆ ಅದೇ ಕಪ್ಪುಗಂದು ಲೇಪ. ತುಕ್ಕಿನ ಒಂದು ಕಲೆಯೂ ಇರಲಿಲ್ಲ. ಯಾರೋ ಶ್ರದ್ಧೆಯಿಂದ, ಮೂಲೆ ಮೂಲೆ ಬಿಡದೆ ಹಚ್ಚಿದ ಕೆಲಸ.

ಮರುದಿನ ಬೆಳಿಗ್ಗೆ ನನ್ನ ಬಲಗೈಯ ಮೂರು ಬೆರಳ ತುದಿಯಲ್ಲಿ ಬೊಕ್ಕೆ ಎದ್ದಿತ್ತು. ನನಗೆ ಆಗ ತಿಳಿಯಿತು. ಇಂಜಿನ್ ಎಣ್ಣೆಯಲ್ಲಿ ಕೈ ಅದ್ದಿಯೇ ದುಡಿದವನು ನಾನು, ಯಾವತ್ತೂ ಬೊಕ್ಕೆ ಬಂದದ್ದಿಲ್ಲ. ಬೊಕ್ಕೆ ಬರಿಸುವ ಎಣ್ಣೆ ನಮ್ಮ ಊರಿನಲ್ಲಿ ಒಂದೇ: ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಗೇರೆಣ್ಣೆ. ನನ್ನ ಅಪ್ಪ ಮರಗೆಲಸದವರು. ಮನೆಯ ಹೆಂಚಿನ ಅಡಿಯ ಪಕ್ಕಾಸಿನ ಮರಕ್ಕೆ ಗೆದ್ದಲು ಹಿಡಿಯದಿರಲಿ ಎಂದು ಅದನ್ನು ಬಳಿಯುತ್ತಿದ್ದರು. ಚಿಕ್ಕಂದಿನಲ್ಲಿ ಮುಟ್ಟಿ ಕೈ ಸುಟ್ಟುಕೊಂಡವನು ನಾನು. ಕಡಲ ಕಡೆಯವರು ಮಳೆಗಾಲಕ್ಕೆ ದೋಣಿ ಮೇಲಕ್ಕೆ ಎಳೆದ ಮೇಲೆ ಅದರ ಮೈಗೆ ಬಳಿಯುವುದೂ ಅದನ್ನೇ. ನಿಧಾನವಾಗಿ ಒಣಗಿ ಗಟ್ಟಿಯಾಗಿ ಕೂರುತ್ತದೆ. ಮಳೆಯೂ ಉಪ್ಪೂ ಒಳಗೆ ಇಳಿಯುವುದಿಲ್ಲ. ಮರಕ್ಕೆ ಅದಕ್ಕಿಂತ ಒಳ್ಳೆಯ ಎಣ್ಣೆ ಇಲ್ಲ. ಗಟ್ಟಿಯಾಗುವ ಆ ಒಳ್ಳೆಯ ಗುಣವೇ ಕೇಬಲ್ಲಿಗೆ ಮರಣ. ದೋಣಿಗೆ ಮಾಡಿದ ಉಪಚಾರವನ್ನು ಯಾರೋ ಮೋಟಾರ್ ಸೈಕಲ್ಲಿಗೂ ಮಾಡಿದ್ದರು.

ನಾನು ಬಸ್ಸು ಹತ್ತಿ ಕಾಪುವಿಗೆ ಹೋದೆ. ಹೋದದ್ದು ಶ್ರೀಧರನ ಮನೆಗಲ್ಲ, ಆ ಗ್ರಾಮದ ಗುರಿಕಾರರ ಮನೆಗೆ. ಮೊಗವೀರರ ಊರಿನಲ್ಲಿ ಜಗಳ ಬಂದರೆ ಕೋರ್ಟಿಗೆ ಮೊದಲು ಗುರಿಕಾರರ ಮಾತು. ಮೈಮೇಲೆ ಒಂದು ಶಾಲು ಹೊದ್ದು ಜಗಲಿಯಲ್ಲಿ ಬಲೆ ನೇಯುತ್ತಿದ್ದ ಮುದುಕರು, ನನ್ನ ಹೆಸರು ಕೇಳಿದ ಮೇಲೆ ಕೂತುಕೊಳ್ಳಿ ಎನ್ನಲಿಲ್ಲ. ನಾನು ನಿಂತೇ ಹೇಳಿದೆ.

"ನನಗೆ ನಿಮ್ಮ ದೋಣಿಗೆ ಹಾಕುವ ಗೇರೆಣ್ಣೆ ಸ್ವಲ್ಪ ಬೇಕು. ನನ್ನ ಹತ್ರ ಒಂದೇ ಥರದ ಎರಡು ಹೊಸ ಕೇಬಲ್ ಉಂಟು. ಒಂದಕ್ಕೆ ನಾನು ಶ್ರೀಧರನಿಗೆ ಕೊಟ್ಟ ಎಣ್ಣೆ, ಇನ್ನೊಂದಕ್ಕೆ ಗೇರೆಣ್ಣೆ. ನಿಮ್ಮ ಎದುರೇ ಹಾಕ್ತೇನೆ. ಎರಡೂ ನಿಮ್ಮ ಮನೆಯ ಹೆಂಚಿನ ಮೇಲೆ ಬಿಸಿಲಲ್ಲಿ ಇರಲಿ. ನಾನು ಮುಟ್ಟುವುದಿಲ್ಲ. ಸಭೆ ಕರೆದ ದಿನ ನೀವೇ ಎಳೆದು ನೋಡಿ."

"ಕಬ್ಬಿಣದ ಕೆಲಸದವರ ಕೈಚಳಕ ನಮಗೆ ಗೊತ್ತಿಲ್ವಾ?" ಎಂದರು ಅವರು.

"ಗೊತ್ತಿದ್ರೆ ಒಳ್ಳೇದೇ ಆಯ್ತು. ಕಣ್ಣು ಬಿಟ್ಟು ನೋಡಿ."

ಮುದುಕರು ನನ್ನನ್ನು ಒಮ್ಮೆ ಕೆಳಗಿನಿಂದ ಮೇಲಕ್ಕೆ ನೋಡಿದರು. ಆಮೇಲೆ ಒಳಗಿನಿಂದ ತೆಂಗಿನ ಚಿಪ್ಪಿನಲ್ಲಿ ಎಣ್ಣೆ ತರಿಸಿದರು. ಎರಡು ಕೇಬಲ್ಲಿಗೂ ಎಣ್ಣೆ ಇಳಿಸಿ, ಎರಡೂ ಸರಾಗವಾಗಿ ಜಾರುವುದನ್ನು ಅವರ ಕೈಗೇ ಕೊಟ್ಟು ತೋರಿಸಿದೆ. ಗೇರೆಣ್ಣೆಯ ಕೇಬಲ್ಲಿಗೆ ಅವರೇ ಕೆಂಪು ದಾರ ಕಟ್ಟಿದರು. ಏಣಿ ಇಟ್ಟು ಹೆಂಚಿನ ಮೇಲೆ ಹರವಿಸಿದರು. ಬೀಳ್ಕೊಡುವ ಮಾತಿಲ್ಲ, ಕುಡಿಯಲು ಒಂದು ಲೋಟ ನೀರಿಲ್ಲ. ನಾನು ಬಂದ ದಾರಿಯಲ್ಲೇ ಹಿಂದಿರುಗಿದೆ.

ಸಭೆ ಸೇರಿದ್ದು ಅಕ್ಟೋಬರಿನ ಒಂದು ಭಾನುವಾರ ಬೆಳಿಗ್ಗೆ, ಕಡಲ ಬದಿಯ ಭಜನಾ ಮಂದಿರದ ಅಂಗಳದಲ್ಲಿ. ಅಷ್ಟು ದಿನ ಬಿಸಿಲು ಚೆನ್ನಾಗಿ ಬಿದ್ದಿತ್ತು. ಅದಕ್ಕಾಗಿ ನಾನು ದೇವರಿಗೆ ಕೈ ಮುಗಿದದ್ದು ನಿಜ. ಅಂಗಳದ ತುಂಬ ಜನ. ನನ್ನ ಕಡೆಯವರು ಎಂದು ಒಂದು ನರಪಿಳ್ಳೆಯೂ ಇರಲಿಲ್ಲ. ತ್ಯಾಂಪಣ್ಣನನ್ನು ಕುರ್ಚಿಯಲ್ಲಿ ಹೊತ್ತು ತಂದು ಕೂರಿಸಿದ್ದರು. ಪ್ಲಾಸ್ಟರ್ ಹಾಕಿದ ಕಾಲು ಒಂದು ಸ್ಟೂಲಿನ ಮೇಲೆ ನೆಟ್ಟಗೆ ಚಾಚಿತ್ತು. ಅವನ ಪಕ್ಕದಲ್ಲಿ ಶ್ರೀಧರ. ಹಿಂದೆ ಕಂಬಕ್ಕೆ ಒರಗಿ ಅವರ ತಾಯಿ ಸೀತಕ್ಕ ನಿಂತಿದ್ದರು. ಅವರನ್ನು ನಾನು ಕಂಡದ್ದು ಅದೇ ಮೊದಲು. ಗಂಡ ತೀರಿಕೊಂಡ ಮೇಲೆ ದೋಣಿ, ಬಲೆ, ಮನೆ ಎಲ್ಲವನ್ನೂ ಹಿಡಿದು ನಿಲ್ಲಿಸಿದವರು ಎಂದು ಕೇಳಿದ್ದೆ.

ಗುರಿಕಾರರು ಮೊದಲು ಶ್ರೀಧರನ ಮಾತು ಕೇಳಿದರು. ಅವನು ಹೇಳಿದ. ಜನ ನನ್ನ ಕಡೆ ನೋಡಿ ಹಲ್ಲು ಕಡಿದರು. ಆಮೇಲೆ ನನ್ನ ಸರದಿ. ಆ ದಿನ ನಾನು ಬಯ್ಯಲಿಲ್ಲ. ಬಿಚ್ಚಿದ ಕೇಬಲ್ ತೋರಿಸಿದೆ, ಅದರಲ್ಲಿದ್ದ ಅಂಟು ತೋರಿಸಿದೆ, ಇನ್ನೂ ಪೂರ್ತಿ ಮಾಯದ ನನ್ನ ಬೆರಳು ತೋರಿಸಿದೆ. "ಇದು ಗೇರೆಣ್ಣೆ" ಎಂದೆ. ಗೊಂದಲ ಎದ್ದಿತು. "ತಪ್ಪು ಮುಚ್ಚಲಿಕ್ಕೆ ಇವನೇ ಹಾಕಿ ತಂದದ್ದು" ಎಂದು ಹಿಂದಿನಿಂದ ಯಾರೋ ಕೂಗಿದರು.

ಗುರಿಕಾರರು ಕೈ ಎತ್ತಿದರು. ಹೆಂಚಿನ ಮೇಲಿಂದ ಇಳಿಸಿ ತಂದಿದ್ದ ಎರಡು ಕೇಬಲ್ ಅವರ ಮಡಿಲಲ್ಲಿದ್ದವು. ದಾರ ಇಲ್ಲದ್ದನ್ನು ಎಳೆದರು. ತಂತಿ ಸರಕ್ಕನೆ ಜಾರಿ ಬಂತು. ಕೆಂಪು ದಾರದ್ದನ್ನು ಎಳೆದರು. ಬರಲಿಲ್ಲ. ಬಲೆ ಎಳೆದು ಗಟ್ಟಿಯಾದ ಕೈ ಅವರದ್ದು; ಎರಡೂ ಕೈಯಲ್ಲಿ ಹಿಡಿದು ಎಳೆದರು, ಅರ್ಧ ಇಂಚು ಬಂದು ನಿಂತುಬಿಟ್ಟಿತು. ಅದನ್ನು ಪಕ್ಕದವನಿಗೆ ಕೊಟ್ಟರು. ಅವನೂ ಎಳೆದ. ಕೇಬಲ್ ಕೈಯಿಂದ ಕೈಗೆ ಹೋಗುತ್ತಿದ್ದಂತೆ ಅಂಗಳದ ಸದ್ದು ಇಳಿಯುತ್ತಾ ಬಂತು. ನನಗೆ ಎಂಥ ಸಂತೋಷವಾಯಿತು ಎಂದರೆ, ಆ ಹೊಸ್ತಿಲಿಗೆ ಉಗಿದವನನ್ನು ಹುಡುಕಿ ಅವನ ಕೈಗೇ ಕೇಬಲ್ ಕೊಡಬೇಕೆನಿಸಿತು.

ಕೇಬಲ್ ಸೀತಕ್ಕನ ಹತ್ತಿರ ಬಂತು. ಅವರು ಅದನ್ನು ಹಿಡಿದ ಕೈಯನ್ನು ನಾನು ನೋಡಿದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರರ ತುದಿಯೂ ಕಪ್ಪಾಗಿ, ಚರ್ಮ ಎದ್ದು ಎದ್ದು ಒರಟಾಗಿತ್ತು. ವರ್ಷ ವರ್ಷ ಗೇರೆಣ್ಣೆ ಹಚ್ಚಿದ ಕೈ ಅದು. ನನ್ನ ಕಣ್ಣು ಅಲ್ಲೇ ನಿಂತದ್ದು ಅವರಿಗೆ ಗೊತ್ತಾಯಿತು. ಕೇಬಲ್ ಮುಂದಕ್ಕೆ ದಾಟಿಸಿ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು.

"ಗಾಡಿಗೆ ಗೇರೆಣ್ಣೆ ಹಾಕಿದ್ದು ಯಾರು?" ಎಂದು ಗುರಿಕಾರರು ಕೇಳಿದರು.

ಶ್ರೀಧರನ ಮುಖ ಬಿಳುಚಿತ್ತು. ಅವನು "ಅಮ್ಮ..." ಎಂದು ಬಾಯಿ ತೆರೆಯುವಷ್ಟರಲ್ಲಿ ಕುರ್ಚಿಯಿಂದ ಮಾತು ಬಂತು.

"ನಾನು ಹಾಕಿದ್ದು," ಎಂದ ತ್ಯಾಂಪಣ್ಣ. "ದೋಣಿಗೆ ಹಾಕುವಾಗ ಉಳಿದದ್ದನ್ನು ಗಾಡಿಗೂ ಹಾಕಿದೆ. ತುಕ್ಕು ಹಿಡಿಯುವುದು ಬೇಡ ಅಂತ."

ಕುರ್ಚಿಯ ಕೈ ಮೇಲೆ ಅವನ ಎರಡೂ ಕೈ ಅಂಗೈ ಮೇಲಾಗಿ ಬಿಡಿಸಿಕೊಂಡಿದ್ದವು. ಹಗ್ಗ ಹಿಡಿದು ದಡ್ಡುಗಟ್ಟಿದ ಅಂಗೈ, ಆದರೆ ಬೆರಳ ತುದಿಯಲ್ಲಿ ಒಂದು ಕಪ್ಪು ಕಲೆ ಇಲ್ಲ. ಸುಳ್ಳು ಎಂದು ನನಗೆ ಗೊತ್ತಿತ್ತು. ನನಗೆ ಮತ್ತೆ ಸಿಟ್ಟು ಬಂತು; ಮುಚ್ಚಿಡುವುದೇಕೆ? ಇಷ್ಟು ದಿನ ನನ್ನನ್ನು ಕಳ್ಳ ಎಂದು ಊರೆಲ್ಲ ಸಾರಿದವರು ನಿಜ ಬಂದಾಗ ಅದನ್ನೂ ತಮಗೆ ಬೇಕಾದ ಅಳತೆಗೆ ಕತ್ತರಿಸಿಕೊಳ್ಳುತ್ತಾರೆಯೇ? ಹೇಳಿಬಿಡುವ ಎಂದೇ ಎದ್ದು ನಿಂತೆ.

ತ್ಯಾಂಪಣ್ಣ ನನ್ನನ್ನೇ ನೋಡುತ್ತಿದ್ದ. "ಆಚಾರ್ರೆ, ನಿಮ್ಮ ಕೇಬಲ್ ಸರಿ ಇತ್ತು. ಇಷ್ಟು ಜನರ ಎದುರು ಹೇಳ್ತಾ ಇದ್ದೇನೆ. ಸಾಕಲ್ವಾ?"

"ಸಾಕು" ಎಂದೆ. ಯಾಕೆ ಹಾಗೆ ಹೇಳಿದೆ ಎಂದು ಕೇಳಬೇಡಿ. ಆ ಕಾಲು ನನ್ನ ಎದುರಿಗೇ ಚಾಚಿತ್ತು.

ಗುರಿಕಾರರು ಶ್ರೀಧರನಿಂದ ನನಗೆ ಕ್ಷಮೆ ಕೇಳಿಸಿದರು. ಅವನು ಕೇಳಿದ, ನೆಲ ನೋಡಿಕೊಂಡು. ಬಂದವರು ಎದ್ದು ಹೋದರು. ಒಬ್ಬರೂ ನನ್ನೊಡನೆ ಮಾತಾಡಲಿಲ್ಲ. ಗೆದ್ದವನ ಮೇಲೆ ಜನಕ್ಕೆ ಇರುವ ಸಿಟ್ಟು ಸೋತವನ ಮೇಲಿನದ್ದಕ್ಕಿಂತ ಹೆಚ್ಚು ಎಂದು ಅವತ್ತು ಕಂಡೆ. ಆದರೂ ಹತ್ತು ಹದಿನೈದು ದಿನದಲ್ಲಿ ಗಾಡಿಗಳು ಒಂದೊಂದಾಗಿ ಮರಳಿ ಬಂದವು. ಕಲ್ಯಾಣಪುರದ ಗಿರಾಕಿ ಮೊದಲು ಬಂದರು, ಏನೂ ಆಗದವರಂತೆ. ಅವರ ಚೈನನ್ನು ನೋಡಿ ನಾನು ಹಿಂದಿನ ಬಾಕಿಯನ್ನೂ ಸೇರಿಸಿ ಬಯ್ದೆ.

ಶ್ರೀಧರನ ಗಾಡಿ ನನ್ನಲ್ಲೇ ರಿಪೇರಿಯಾಗುತ್ತಿತ್ತು. ಒಂದು ಮಧ್ಯಾಹ್ನ ನಾನು ಅದರ ಮುಂದಿನ ಫೋರ್ಕ್ ಕೂರಿಸುತ್ತಿದ್ದಾಗ ಬಾಗಿಲಲ್ಲಿ ಯಾರೋ ನಿಂತ ನೆರಳು ಬಿತ್ತು. ಸೀತಕ್ಕ. ಮೀನಿನ ಬುಟ್ಟಿ ಖಾಲಿ ಮಾಡಿಕೊಂಡು ಪೇಟೆಯಿಂದ ಬಂದಿದ್ದರು. ಕೂತುಕೊಳ್ಳಿ ಎಂದು ಸ್ಟೂಲು ತಳ್ಳಿದೆ. ಕೂರಲಿಲ್ಲ.

"ನನ್ನ ಮಗ ಸುಳ್ಳು ಹೇಳಿದ್ದು ನಿಮಗೆ ಗೊತ್ತಿತ್ತು," ಎಂದರು.

"ಗೊತ್ತಿತ್ತು."

"ಮತ್ತೆ ಎಂತಕ್ಕೆ ಸುಮ್ಮನಿದ್ರಿ? ನಾನು ಮಾಡಿದ್ದನ್ನು ನನ್ನ ಬಾಯಲ್ಲಿ ಹೇಳ್ಲಿಕ್ಕೆ ನೀವು ಗಂಡಸರು ಬಿಡ್ಲಿಲ್ಲ. ಒಬ್ಬ ಸುಳ್ಳು ಹೇಳಿದ, ಇನ್ನೊಬ್ಬ ಸಾಕು ಅಂದ. ಅಲ್ಲಿಗೆ ಮುಗೀತಾ? ದಿನಾ ಬೆಳಿಗ್ಗೆ ಆ ಕಾಲು ನೋಡುವುದು ನಾನು. ನೀವು ನನಗೆ ಉಪಕಾರ ಮಾಡಿದ್ದು ಅಂತ ತಿಳ್ಕೊಳ್ಬೇಡಿ."

"ನಾನು ಉಪಕಾರ ಮಾಡುವ ಜಾತಿಯವನಲ್ಲ ಸೀತಕ್ಕ."

"ಗೊತ್ತುಂಟು. ಊರೇ ಹೇಳ್ತದೆ."

ಅವರು ಗಾಡಿಯ ಸುತ್ತ ಒಮ್ಮೆ ನಡೆದು ಬಂದು ಹೊಸ ಕೇಬಲ್ಲನ್ನು ಬೆರಳಲ್ಲಿ ಮುಟ್ಟಿದರು.

"ನೀವು ಡಬ್ಬಿಯಲ್ಲಿ ಎಣ್ಣೆ ಕೊಟ್ಟದ್ದು ಶ್ರೀಧರನ ಕೈಗೆ. ಅವನು ಗಾಡಿ ಒರೆಸುವುದನ್ನು ನೀವು ಕಂಡದ್ದುಂಟಾ?"

"ಇಲ್ಲ."

"ಒರೆಸುವುದು ನಾನು. ಅವನು ತಂದು ಡಬ್ಬಿ ಇಟ್ಟ, ಗಾಡಿಗೆ ಅಂತ ಹೇಳಿ ಹೋದ. ತೆರೆದು ನೋಡಿದೆ, ನೀರಿನ ಹಾಗೆ ಇತ್ತು. ಇಷ್ಟು ತೆಳು ಎಣ್ಣೆ ನಮ್ಮ ಉಪ್ಪುಗಾಳಿಗೆ ಎಲ್ಲಿ ನಿಲ್ತದೆ ಅಂತ ಒಳ್ಳೇದನ್ನೇ ಹಾಕಿದೆ. ದೋಣಿಗಿಂತ ಹೆಚ್ಚು ಜಾಗ್ರತೆಯಲ್ಲಿ ಹಾಕಿದೆ. ಕೇಬಲ್ಲಿನ ಆ ಸಂದಿಗೂ ಬಟ್ಟೆಯ ಬತ್ತಿ ಮಾಡಿ ಎಣ್ಣೆ ಇಳಿಸಿದೆ. ತಪ್ಪು ಅಂತ ನನಗೆ ಒಬ್ಬರೂ ಹೇಳ್ಲಿಲ್ಲ. ಈಗ ಹೇಳಿ."

ಹೇಳಿದೆ. ಕೇಬಲ್ಲಿನ ಮೇಲಿನ ತುದಿ ಬಿಚ್ಚುವುದು ಹೇಗೆ, ಕಾಗದ ಸುತ್ತಿ ಸಣ್ಣ ಕೊಳವೆ ಮಾಡಿ ಅದರೊಳಗೆ ಎಣ್ಣೆ ಬಿಟ್ಟು ಕೆಳಗಿನ ತುದಿಯಲ್ಲಿ ಹನಿ ಬರುವವರೆಗೆ ಕಾಯುವುದು ಹೇಗೆ, ಹಿಡಿಕೆ ತಿರುಗಿಸಿ ಬಿಟ್ಟಾಗ ತಟ್ಟನೆ ಹಿಂದೆ ಬರುವ ಸದ್ದು ಹೇಗಿರಬೇಕು, ಎಲ್ಲ ತೋರಿಸಿದೆ. ಅವರು ಒಮ್ಮೆ ನೋಡಿದರು, ಎರಡನೆಯ ಸಲ ತಾವೇ ಮಾಡಿದರು. ಕೈ ನನ್ನದಕ್ಕಿಂತ ನಿಧಾನ, ನನ್ನದಕ್ಕಿಂತ ಗಟ್ಟಿ. ಒಂದು ಹನಿ ಬೆರಳ ನಡುವೆ ತೆಗೆದುಕೊಂಡು ಉಜ್ಜಿದರು.

"ಇದು ಒಣಗುವುದೇ ಇಲ್ವಾ?"

"ಒಣಗಬಾರದು."

"ಒಣಗದ ಎಣ್ಣೆ ದೋಣಿಗೆ ಹಾಕಿದ್ರೆ ಒಂದೇ ಅಲೆಗೆ ತೊಳೆದು ಹೋಗ್ತದೆ."

"ಒಣಗುವ ಎಣ್ಣೆ ಕೇಬಲ್ಲಿಗೆ ಹಾಕಿದ್ರೆ..." ಎಂದು ಶುರು ಮಾಡಿದವನು ಅಲ್ಲೇ ನಿಂತೆ.

"ಕಾಲು ಹೋಗ್ತದೆ," ಎಂದರು ಸೀತಕ್ಕ. "ಹೇಳಿ ಮಾರಾಯ್ರೇ, ನಿಲ್ಲಿಸ್ಬೇಡಿ. ನೀವು ಬಯ್ಯುವವರಲ್ವಾ?"

ನನಗೆ ಬಯ್ಯಲಿಕ್ಕಾಗಲಿಲ್ಲ. ಅವರು ತೆಳು ಎಣ್ಣೆಯ ಡಬ್ಬಿಯನ್ನು ಬುಟ್ಟಿಯೊಳಗೆ ಇಟ್ಟುಕೊಂಡು, ಹೋಗಿ ಬರುತ್ತೇನೆ ಎನ್ನದೆ, ಇಳಿದು ಹೋದರು.

ತ್ಯಾಂಪಣ್ಣನ ಮೊಣಕಾಲು ಮತ್ತೆ ಮಡಚಲಿಲ್ಲ. ಚುಕ್ಕಾಣಿ ಬೇರೆಯವರ ಕೈಗೆ ಹೋಯಿತು. ಅವನು ದಡದಲ್ಲಿ ನಿಂತು, ಬಟ್ಟೆ ಬೀಸಿ, ಬಲೆ ಎಳೆಯುವವರಿಗೆ ಹೇಳುವ ಕೆಲಸಕ್ಕೆ ಬಂದ. ಶ್ರೀಧರನ ಗಾಡಿ ಮುಂದೆಯೂ ಹಲವು ವರ್ಷ ಘಾಟಿ ಹತ್ತಿ ಇಳಿಯಿತು. ಹಿಂದೆ ಕೂರುವವರ ಕಾಲಿಗೂ ಒಂದು ಗಾರ್ಡ್ ಮಾಡಿ ಬೆಸುಗೆ ಹಾಕಿಕೊಟ್ಟೆ. ಆ ಕೇಬಲ್ ಬದಲಾಯಿಸುವ ಪ್ರಸಂಗ ನನ್ನ ಗ್ಯಾರೇಜಿಗೆ ಬರಲೇ ಇಲ್ಲ. ಮಾರುವ ದಿನ ಹಿಡಿಕೆ ತಿರುಗಿಸಿ ಬಿಟ್ಟೆ, ಹೊಸದರಂತೆ ತಟ್ಟನೆ ಹಿಂದೆ ಬಂತು. ಸೀತಕ್ಕ ಪೇಟೆಯಲ್ಲಿ ಎಷ್ಟೋ ಸಲ ಎದುರು ಸಿಕ್ಕಿದರು. ಒಮ್ಮೆಯೂ ನನ್ನನ್ನು ನೋಡಿ ನಗಲಿಲ್ಲ, ನಾನೂ ಅದನ್ನು ಬಯಸಲಿಲ್ಲ.

ಅಂದಿನಿಂದ ಗ್ಯಾರೇಜ್ ಮುಚ್ಚುವವರೆಗೂ ಹೊಸ ಗಿರಾಕಿ ಬಂದರೆ ಚೈನು, ಗಾಳಿ, ಪ್ಲಗ್ಗು ಯಾವುದನ್ನೂ ನಾನು ಮೊದಲು ಕೇಳುತ್ತಿರಲಿಲ್ಲ. "ನಿಮ್ಮ ಮನೆಯಲ್ಲಿ ಗಾಡಿ ಒರೆಸುವವರು ಯಾರು?" ಎಂದು ಕೇಳುತ್ತಿದ್ದೆ. ಕೆಲವರು ನಗುತ್ತಿದ್ದರು, ಕೆಲವರಿಗೆ ಸಿಟ್ಟು ಬರುತ್ತಿತ್ತು. ಹೆಂಡತಿ ಎನ್ನುತ್ತಿದ್ದರು, ತಾಯಿ ಎನ್ನುತ್ತಿದ್ದರು, ಕೆಲಸದವನು ಎನ್ನುತ್ತಿದ್ದರು. "ಹಾಗಾದರೆ ಅವರನ್ನು ಕರೆದುಕೊಂಡು ಬನ್ನಿ," ಎನ್ನುತ್ತಿದ್ದೆ, "ಹೇಳಬೇಕಾದದ್ದನ್ನು ಅವರಿಗೆ ಹೇಳುತ್ತೇನೆ. ನಿಮಗೆ ಬರೀ ಬಯ್ಯುತ್ತೇನೆ."